ಪಟ್ಟಿಯಲ್ಲಿ ಏಳನೆಯವಳು

ನಗಬೇಡ ಶ್ರೀವಿದ್ಯಾ, ನಗಬೇಡ! ನಿನ್ನ ಆ ಡೆನ್ಮಾರ್ಕಿನ ಹಸಿರು ಪಕ್ಷ ಇದೆಯಲ್ಲ, ಒಟ್ಟು ನಲವತ್ತೊಂದು ಜನರ ಎಡಪಕ್ಷ, ಅದರ ಅಸಲಿ ಸಂಸ್ಥಾಪಕ ಈ ಕೊರಗಪ್ಪ ಅಂಕಲ್ಲು! ಸ್ಥಾಪನೆ ಆಗಿದ್ದು ಸಿಂಗಾಪುರದ ಜುರಾಂಗ್ ವೆಸ್ಟಿನಲ್ಲಿ, ನಮ್ಮ ಬ್ಲಾಕಿನ ಕೆಳಗೆ ಖಾಲಿ ಬಿಟ್ಟಿರೋ ಇದೇ ವಾಯ್ಡ್ ಡೆಕ್ಕಿನಲ್ಲಿ, ಇದೇ ಬೆಂಚಿನ ಮೇಲೆ. ಆಗ ನಿನಗೆ ಒಂಬತ್ತು ವರ್ಷ. ಐಸ್‌ಕ್ರೀಮ್ ಕವರ್ ನೆಲಕ್ಕೆ ಎಸೆದೆ, ನಾನು ಎರಡು ಗಂಟೆ ಭಾಷಣ ಮಾಡಿದೆ. ಏನು? ಎರಡು ಗಂಟೆ ಅಲ್ವಾ? ಸರಿ, ಹತ್ತು ನಿಮಿಷ. ಆದ್ರೆ ಎಂಥಾ ಹತ್ತು ನಿಮಿಷ! ಹನ್ನೆರಡೂ ಮಹಡಿಯವರು ಕಿಟಕಿ ತೆಗೆದು ಕೇಳಿದ್ರು. ಆ ಮೂಲೆಮನೆಯ ಚೀನೀ ಅಜ್ಜ ಅವತ್ತೇ ಸಿಗರೇಟು ಬಿಟ್ಟ!

ಕಾಫಿ ಕುಡಿ, ಆರ್ತಾ ಇದೆ. ಎರಡು ವಾರದ ರಜೆಗೆ ಬಂದವಳು, ಅದರಲ್ಲಿ ಒಂದು ಬೆಳಿಗ್ಗೆ ಈ ಅಂಕಲ್‌ಗೆ ಕೊಟ್ಟಿದ್ದೀಯ, ಸಂತೋಷ.

ಈಗ ನೀನೇ ಹೇಳು. ಉಡುಪಿಯ ಕಾಲೇಜಲ್ಲಿ ನಾನೊಂದು ಘೋಷಣೆ ಕೂಗಿದ್ರೆ ಮಂಗಳೂರಲ್ಲಿ ಬಸ್ಸು ನಿಲ್ತಿತ್ತು. ಕಾರ್ಮಿಕ, ಕಾಡು, ಕಡಲು... ಯಾವುದರ ಬಗ್ಗೆ ಬೇಕಾದ್ರೂ ಕೇಳು! ನಿನ್ನಪ್ಪ? ದತ್ತಾತ್ರೇಯ? ಮೈಸೂರಿನ ಸಾಧುಪ್ರಾಣಿ. ಇಪ್ಪತ್ತಾರು ವರ್ಷ ನನ್ನ ಜೊತೆ ಒಂದೇ ಎಣ್ಣೆ ರಿಫೈನರಿ, ಒಂದೇ ಶಿಫ್ಟು. ರಾಜಕೀಯ ಅಂದ್ರೆ ಟಿಫಿನ್ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗ್ತಾನೆ. ಅಂಥವನ ಮಗಳು ನೀನು, ಅಲ್ಲಿನ ಪೇಪರಿನವರು "ಪರಿಸರದ ಮೊದಲ ಪಾಠ ಯಾರಿಂದ?" ಅಂತ ಕೇಳಿದ್ರೆ ಏನಂದೆ? "ಅಪ್ಪನಿಂದ. ಕಾರಿಡಾರಿನಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕ್ತಿದ್ರು." ಕರಿಬೇವು! ಅದು ಒಗ್ಗರಣೆಗೆ ಮಾರಾಯ್ತಿ, ಭೂಮಿ ಉಳಿಸೋಕಲ್ಲ!

ಅದನ್ನ ಅವನು ಕನ್ನಡ ಸಂಘದ ಗ್ರೂಪಿಗೆ ಹಾಕಿದ. ಒಂದು ಸಲ ಅಲ್ಲ, ಮೂರು ಸಲ. ನಿನ್ನಮ್ಮ ಮೀರಾ ಮೂರು ಬ್ಲಾಕಿಗೆ ಕೇಸರಿಬಾತು ಹಂಚಿದ್ರು. ಹೊಟ್ಟೆಕಿಚ್ಚಾ? ನನಗಾ? ನನ್ನ ಹೊಟ್ಟೆಯಲ್ಲಿ ಕಿಚ್ಚಿಗೆ ಜಾಗ ಎಲ್ಲಿತ್ತು? ಎರಡು ಪ್ಲೇಟು ಕೇಸರಿಬಾತಿತ್ತು!

ಹೂಂ... ಗೊತ್ತು. ಆಮೇಲೆ ಯಾರೋ ನಿನ್ನ ಪಕ್ಷಕ್ಕೆ ಮೇಲ್ ಕಳಿಸಿದ್ರು, ಇವಳ ಅಪ್ಪ ಎಣ್ಣೆ ಕಂಪನಿಯವನು ಅಂತ. ನಿನ್ನೆ ನೀನೇ ಹೇಳಿದ್ಯಲ್ಲ. ಸೂಪು ಬ್ರೆಡ್ಡು ಇಟ್ಟುಕೊಂಡು ಮೀಟಿಂಗ್ ಮಾಡೋದು, ಕೈ ಎತ್ತಿ ಚುನಾವಣೆಗೆ ನಿಲ್ಲೋರ ಪಟ್ಟಿ ಮಾಡೋದು, ಬಂದ ಕಾಗದನೆಲ್ಲ ಎಲ್ಲರೆದುರು ಗಟ್ಟಿಯಾಗಿ ಓದೋದು, ಅದು ನಿಮ್ಮಲ್ಲಿ ಪದ್ಧತಿ ಅಂತ. "ಇದನ್ನ ನಮ್ಮ ಹತ್ರ ಯಾಕೆ ಮುಚ್ಚಿಟ್ಟೆ?" ಅಂದ್ರಂತೆ. ಪಟ್ಟಿಯಲ್ಲಿ ಮೊದಲನೇದಾಗಿದ್ದ ನಿನ್ನ ಹೆಸರು ಏಳಕ್ಕೆ ಇಳೀತಂತೆ. ಪಕ್ಷಕ್ಕೆ ಬರೋದೇ ಎರಡು ಸೀಟು, ಅದು ಮೊದಲಿನ ಇಬ್ಬರಿಗೆ. ಛೆ. ಯಾರಿರಬಹುದು? ಮೇಂಟೆನೆನ್ಸಿನ ಸುಧೀರ್ ಇರಬಹುದು, ಅವನ ಕಣ್ಣೇ ಸರಿ ಇಲ್ಲ.

ಆದ್ರೆ ಒಂದು ಹೇಳ್ಲಾ? ಕಳಿಸಿದವನು ಸುಳ್ಳೇನೂ ಬರೆದಿಲ್ಲ ನೋಡು. ಮಗಳ ಬಗ್ಗೆ ಒಂದು ಕೆಟ್ಟ ಮಾತಿಲ್ಲ. "ಬುದ್ಧಿವಂತ ಹುಡುಗಿ" ಅಂತಲೇ ಶುರು...

ಏನು? ಹೇಗೆ ಗೊತ್ತು ಅಂದ್ರೆ... ಊಹೆ! ಹೀಗೇ ತಾನೆ ಬರೆಯೋದು ಯಾರಾದ್ರೂ? ಯಾಕೆ ಹಾಗೆ ನೋಡ್ತೀಯ? ಫೋನ್ ಯಾಕೆ ತೆಗೀತೀಯ?

ಓ... ಇದಾ. ಇಪ್ಪತ್ತೈದು ವರ್ಷದ ಸರ್ವೀಸ್ ಅವಾರ್ಡ್ ಫೋಟೋ. ದತ್ತ ಹೆಲ್ಮೆಟ್ ಹಾಕಿಕೊಂಡು, ಹಿಂದೆ ಚಿಮಣಿ... ಮೇಲ್ ಜೊತೆ ಬಂತಾ? ಚೆನ್ನಾಗಿದ್ದಾನೆ. ಒಬ್ಬನೇ ಇದ್ದಾನೆ ನೋಡು, ಪಕ್ಕದಲ್ಲಿ ಯಾರೂ...

ದೊಡ್ಡದು ಮಾಡಬೇಡ. ಸಾಕು ಬಿಡು, ಕಾಣ್ತಾ ಇದೆ.

ಹೆಗಲ ಮೇಲೆ ಯಾರದೋ ಕೈ. ಹವಳದ ಉಂಗುರ ಎಷ್ಟು ಜನ ಹಾಕ್ತಾರೆ ಸಿಂಗಾಪುರದಲ್ಲಿ! ಸಾವಿರ ಜನ... ಹಾಕ್ತಾರೆ...

ಬೈದುಬಿಡು. ಹೀಗೆ ನನ್ನ ಬೆರಳು ನೋಡ್ತಾ ಕೂತ್ಕೊಳ್ಳಬೇಡ.

ಫೋಟೋದಿಂದ ನನ್ನನ್ನ ನಾನೇ ಕತ್ತರಿಸಿ ತೆಗೆದೆ. ಕೈ ತೆಗೆಯೋಕೆ ಹೋದ್ರೆ ಅವನ ಕತ್ತೂ ಹೋಗ್ತಿತ್ತು, ಬಿಟ್ಟೆ. ನಿನ್ನ ಸೀಟು ಹೋಗಲಿ ಅಂತ ಅಲ್ಲ, ಆಣೆಗೂ ಅಲ್ಲ. ಅವನ ಕರಿಬೇವಿನ ಗಿಡ ಒಂದು ಒಣಗಲಿ ಅಂತ... ಅಷ್ಟೇ. ಭಾಷಣ ನಾನು ಮಾಡಿದ್ದೆ ಮಗೂ. ಪಾಸಿರ್ ರಿಸ್ ಬೀಚಿನಲ್ಲಿ ನಿನ್ನ ಜೊತೆ ಪ್ಲಾಸ್ಟಿಕ್ ಹೆಕ್ಕಿದ್ದು ನಾನು, ಅವನು ಕೊಡೆ ಹಿಡ್ಕೊಂಡು ನಿಂತಿದ್ದ. ಪೇಪರಿನವರಿಗೆ ಅಪ್ಪ ಅಂತಲೇ ಹೇಳು, ಬೇಡ ಅನ್ನಲ್ಲ. ಕೊನೇಲಿ, "ಮತ್ತೆ ಒಬ್ಬ ಅಂಕಲ್ಲು" ಅಂತ... ಹೆಸರೂ ಬೇಡ.

ದತ್ತನಿಗೆ ತೋರಿಸಿಲ್ಲ ತಾನೆ?

ವಿದ್ಯಾ? ತೋರಿಸಿಲ್ಲ ತಾನೆ?

ತೋರಿಸಿದ್ಯಾ? ಯಾವಾಗ... ಭಾನುವಾರವಾ? ಈ ಉಂಗುರ ಅವನಿಗೆ ಗೊತ್ತಾಗದೆ ಇರುತ್ತಾ...

ಇಲ್ಲ, ಭಾನುವಾರ ಆಗಿರೋಕಿಲ್ಲ. ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಲ್ಲಿ ಬ್ಯಾಗ್ ಇಟ್ಟು ನನಗೆ ಸೀಟು ಹಿಡಿದಿದ್ದನಲ್ಲ ಅವನು! ಇವತ್ತಿಗೂ ಹಿಡೀತಾನಲ್ಲ!