ಐದು ಗಂಟೆಯ ಫೋನು

ಭೇರ್ಯದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ, ಹೈಸ್ಕೂಲಿನ ಮೇಷ್ಟ್ರು ಬಂದದ್ದು ಕಂಡು ಎದ್ದರು. ಸೆರಗಿನ ಗಂಟು ಬಿಚ್ಚಿ ಅವರ ಕೈಗೆ ಕಲ್ಲುಸಕ್ಕರೆ ಹಾಕಿದರು.

“ಮೊಮ್ಮಗಳು ಪಾಸಾದ್ಲು ಮೇಷ್ಟ್ರೇ.”

“ಗೊತ್ತು ಪುಟ್ಟಮಲ್ಲಮ್ನೋರೆ. ಹತ್ತನೇ ಕ್ಲಾಸಿನ ಮೂವತ್ತೊಂದು ಮಕ್ಕಳೂ ಪಾಸು.”

“ನೀವು ದಿನಾ ಐದ್ಗಂಟೆಗೆ ಫೋನ್ ಮಾಡಿ ಎಬ್ಬಿಸ್ತಿದ್ರಲ್ಲ, ಅದ್ಕೆ.”

“ಫೋನ್ ಎತ್ತಿ ‘ಓದ್ತಾವ್ಳೆ’ ಅಂತಿದ್ದೋರು ನೀವೇ.”

“ಒಂದೊಂದಿನ ಮಲಗೇ ಇರೋಳು. ನಿಮ್ಗೆ ಸದ್ದು ಕೇಳ್ಲಿ ಅಂತ ಪುಸ್ತಕದ ಹಾಳೆ ನಾನೇ ಮಗುಚ್ತಿದ್ದೆ.”

ಮೇಷ್ಟ್ರು ನಕ್ಕರು.

“ನಂಗೂ ಒಂದೊಂದಿನ ಎಚ್ಚರ ಆಗ್ತಿರ್ಲಿಲ್ಲ. ನಮ್ಮನೆಯವ್ರು ತಿವಿದು ಎಬ್ಬಿಸೋರು. ಈ ವರ್ಷನೂ ಎಲ್ಲಾರೂ ಪಾಸಾಗ್ಬೇಕು, ಈ ಸಲ ನಲವತ್ತು ಮಕ್ಕಳು, ನಲವತ್ತು ಮನೆಗೆ ಫೋನು.”

“ಅಷ್ಟೂ ಮನೆಗೆ ನೀವೊಬ್ರೇ ಮಾಡ್ತೀರಾ?”

“ಇನ್ಯಾರು ಮಾಡ್ತಾರೆ?”

“ಹಾಲು ಕರೆಯಕ್ಕೆ ನಾನು ನಾಕ್ಗಂಟೆಗೇ ಏಳ್ತೀನಿ. ಅರ್ಧ ಮನೆ ನಂಗೆ ಬುಡಿ. ನಂಬರೆಲ್ಲ ಮೊಮ್ಮಗಳು ಫೋನ್‌ಗೆ ಆಕ್ಕೊಡ್ತಾಳೆ.”

“ನೀವೂ ನನ್ನಂಗೆ ಹಾಳೆ ಸದ್ದು ಕೇಳಿ ನಂಬ್ಬುಡ್ತೀರಿ.”

“ನನ್ನತ್ರ ನಡೆಯಕ್ಕಿಲ್ಲ ಆ ಆಟ. ಜೋರಾಗಿ ಓದುಸ್ತೀನಿ.”

ಕೆ.ಆರ್. ನಗರದ ಬಸ್ಸು ಬಂತು. ಅಜ್ಜಿ ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಸ್ಕೂಲ್ ಶುರುವಾದ ದಿನ ಮೊದ್ಲ ಫೋನು ನಿಮ್ಗೇ ಮಾಡ್ತೀನಿ ಮೇಷ್ಟ್ರೇ. ಎದ್ದಿರ್ಬೇಕು.”