ಉಳಿದ ತೊಂಬತ್ತೊಂಬತ್ತು

ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಎಲಿಯಾಸ್ ಎಂಬವರು, ಓಡಿಹೋದ ಮಗ ಡಿಲನ್‌ನನ್ನು ಹುಡುಕಲು ಮತ್ತೆ ಮಂಗಳೂರಿಗೆ ಹೊರಟಿದ್ದರು. ನೆರೆಮನೆಯ ತಾಯಮ್ಮ ಜೊತೆಗಿದ್ದರು.

“ಬೈಬಲ್ಲಲ್ಲೇ ಐತೆ ತಾಯಮ್ಮ. ತಪ್ಪಿಹೋದ ಒಂದು ಕುರಿಗೋಸ್ಕರ ಕಾಯೋನು ತೊಂಬತ್ತೊಂಬತ್ತನ್ನ ಬಿಟ್ಟು ಹೋದ.”

“ಬಯಲಲ್ಲೇ ಬಿಟ್ಟು? ನಾವಾದ್ರೆ ಮೊದ್ಲು ಮಿಕ್ಕಿದ್ದನ್ನ ಕೊಟ್ಟಿಗೆಗೆ ಕೂಡ್ತೀವಿ ಕಣಣ್ಣ.”

“ಅದು ಹೋಲಿಕೆಗೆ ಹೇಳಿದ್ದು. ಕುರಿ ಅಂದ್ರೆ ಮನುಷ್ಯ, ಕಾಯೋನು ಅಂದ್ರೆ ದೇವ್ರು.”

“ದೇವ್ರು ಎರಡು ಕಡೆನೂ ಇರ್ತಾನೆ. ನೀವು?”

ಎಲಿಯಾಸ್ ಬಸ್ಸು ಬರುವ ದಾರಿಯತ್ತ ನೋಡಿದರು.

“ಮನೇಲಿ ನಿಮ್ ಮಗ್ಳು ಆಲ್ವಿಟಾ ಜ್ವರದಲ್ಲೂ ಅಪ್ಪ ಎಲ್ಲಿ ಅಂತಾಳೆ. ಏನ್ ಹೇಳ್ಲಿ?”

“ಅಣ್ಣನ್ನ ಹುಡುಕ್ತಾವ್ರೆ ಅನ್ನಿ.”

“ಹಿಂದಿನ ಮೂರು ಸಲವೂ ಅದನ್ನೇ ಹೇಳಿದೀನಿ.”

ಮಂಗಳೂರಿನ ಬಸ್ಸು ಬಂತು. ಎಲಿಯಾಸ್ ಹತ್ತಿದರು. ತಾಯಮ್ಮ ಜ್ವರದ ಮಾತ್ರೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ತಮ್ಮೂರು ಯಸಳೂರಿನ ಬಸ್ಸಿನತ್ತ ನಡೆದರು.