‘ಹೊರಗಾಗಿದೀನಿ’ ಎಂದವರ ಕರೆ

ಸಭೆಯಲ್ಲಿರುವ ಹಿರಿಯರಿಗೆ, ಮೇಡಂ ಅವರ ಯಜಮಾನರಿಗೆ, ಮಗಳಾದ ಅಕ್ಕನಿಗೆ, ನಮ್ಮ ವಿಭಾಗದ ಎಲ್ಲರಿಗೆ, ಚಿಕಿತ್ಸೆ ಮುಗಿಸಿಕೊಂಡು ಹೋಗಿದ್ದರೂ ಇವತ್ತು ಕೆಲಸ ಬಿಟ್ಟು ಬಂದಿರುವ ತಾಯಂದಿರಿಗೆ ನಮಸ್ಕಾರ.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಇಲ್ಲಿ ನಿಂತು ಮಾತಾಡುವಷ್ಟು ದೊಡ್ಡವಳು ನಾನಲ್ಲ. ಸಂಶೋಧನೆಗೆ ಸೇರಿ ಇನ್ನೂ ಮೊದಲ ವರ್ಷ. ಮೈಕ್ ನೋಡಿದರೆ ನಾಲಿಗೆ ಅಂಟಿಕೊಳ್ಳುತ್ತದೆ ಎಂದು ಎಲ್ಲವನ್ನೂ ಬರೆದುಕೊಂಡು ಬಂದಿದ್ದೇನೆ — ಅದಕ್ಕೂ ಕ್ಷಮೆ ಇರಲಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು. ನನ್ನದು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟೊಂದು ಹಿರಿಯ ಡಾಕ್ಟರುಗಳಿರುವಾಗ ನನ್ನನ್ನೇ ಯಾಕೆ ನಿಲ್ಲಿಸಿದರು ಎಂದರೆ — ಕೊನೆಯ ದಿನಗಳಲ್ಲಿ ಮೇಡಂ ಮಲಗಿದ್ದ ವಾರ್ಡಿಗೂ ನಮ್ಮ ಲ್ಯಾಬಿಗೂ ನಡುವೆ ಓಡಾಡುತ್ತಿದ್ದವಳು ನಾನು. ಅಷ್ಟೇ ನನ್ನ ಅರ್ಹತೆ.

ಮೇಡಂ ಏನು ಕೆಲಸ ಮಾಡುತ್ತಿದ್ದರು ಎಂದು ಇಲ್ಲಿರುವ ಅರ್ಧ ಜನಕ್ಕೆ ಚೆನ್ನಾಗಿ ಗೊತ್ತು. ಉಳಿದವರಿಗೆ ಅವರು "ಹೆಂಗಸರ ಕ್ಯಾನ್ಸರ್ ಡಾಕ್ಟರು". ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರನ್ನು ಬೇಗ ಹಿಡಿಯುವುದು ಹೇಗೆ, ಹಿಡಿದ ಮೇಲೆ ಮೈಯನ್ನು ಹೆಚ್ಚು ಹಾಳು ಮಾಡದೆ ವಾಸಿ ಮಾಡುವುದು ಹೇಗೆ — ಈ ಎರಡು ಪ್ರಶ್ನೆಗಳನ್ನು ಹಿಡಿದು ಅವರು ಕೂತುಬಿಟ್ಟಿದ್ದರು. ಆ ರೋಗ ಬಹಳ ಸಲ ಮೊದಲೇ ಸುಳಿವು ಕೊಡುತ್ತದೆ. ಮುಟ್ಟು ನಿಂತು ವರ್ಷಗಳಾದ ಹೆಂಗಸಿಗೆ ಮತ್ತೆ ರಕ್ತ ಕಾಣಿಸುತ್ತದೆ. ಹೆಚ್ಚಿನವರಲ್ಲಿ ಅದಕ್ಕೆ ಸಣ್ಣಪುಟ್ಟ ಕಾರಣವೇ ಇರುತ್ತದೆ, ಹೆದರಬೇಕಾಗಿಲ್ಲ. ಆದರೆ ನೋಡಿಸಿಕೊಳ್ಳದೆ ಬಿಡುವಂತಿಲ್ಲ.

ಮೇಡಂ ಎದುರಿಗೆ ಕೂತವರಿಗೆಲ್ಲ ಒಂದೇ ಮಾತು — "ನಿಂತಿದ್ದು ಮತ್ತೆ ಬರಲ್ಲ ಕಣ್ರೀ. ಬಂತು ಅಂದ್ರೆ ಅದು ಬೇರೆ ಏನೋ. ಒಂದು ಹನಿ ಕಂಡ್ರೂ ಬಂದ್ಬಿಡಿ."

ಆದರೆ ಯಾರು ಬರುತ್ತಾರೆ? ನೋಡಿಸಿಕೊಳ್ಳುವುದೆಂದರೆ ಒಳಗಿನಿಂದ ಚೂರು ಕೆರೆದು ತೆಗೆಯಬೇಕು. ನೋವು, ನಾಚಿಕೆ. ಅದಕ್ಕೇ, ಹೆಂಗಸು ಬಾಗಿಲು ಹಾಕಿಕೊಂಡು ತಾನೇ ತೆಗೆದುಕೊಳ್ಳಬಹುದಾದ ಒಂದು ಹತ್ತಿಯ ಕಡ್ಡಿಯಲ್ಲಿ ರೋಗದ ಗುರುತು ಸಿಗುತ್ತದೆಯೇ ಎಂದು ಮೇಡಂ ಪರೀಕ್ಷೆ ಮಾಡುತ್ತಿದ್ದರು. ಮುಟ್ಟು ನಿಂತ ನೂರಾರು ಹೆಂಗಸರು ಈ ಕೆಲಸಕ್ಕೆ ಒಪ್ಪಿದ್ದರು. ಅವರಿಗೆಲ್ಲ ಕೆಲವು ತಿಂಗಳಿಗೊಮ್ಮೆ ಫೋನ್ ಮಾಡಿ ಕರೆಸುವುದು ನಮ್ಮ ಕೆಲಸ.

ಲ್ಯಾಬಿನಲ್ಲಿ ನಾವು ಅವರಿಗೆ ‘ಇನ್ನೊಂದ್ಸಲ ಮೇಡಂ’ ಎನ್ನುತ್ತಿದ್ದೆವು. ಬೆನ್ನ ಹಿಂದೆ! ಸ್ಲೈಡ್ ತೋರಿಸಿದರೆ "ಇನ್ನೊಂದ್ಸಲ". ಲೆಕ್ಕ ತೋರಿಸಿದರೆ "ಇನ್ನೊಂದ್ಸಲ". ಈ ಹೆಸರು ಅವರಿಗೆ ಗೊತ್ತಿತ್ತಂತೆ — ಅಕ್ಕ ಮೊನ್ನೆ ಹೇಳಿದರು. ಯಜಮಾನರು ಕೈಗಡಿಯಾರ ರಿಪೇರಿ ಮಾಡುವವರು, ನಿಮಗೆಲ್ಲ ಗೊತ್ತಲ್ಲ. ಒಬ್ಬರ ಕಣ್ಣಿಗೆ ಸದಾ ಭೂತಗನ್ನಡಿ, ಇನ್ನೊಬ್ಬರ ಕಣ್ಣಿಗೆ ಮೈಕ್ರೋಸ್ಕೋಪು. "ನಮ್ಮನೇಲಿ ಕೂದಲೆಳೆಯಷ್ಟು ಸಣ್ಣದು ಕಳೆದ್ರೆ ತಕ್ಷಣ ಸಿಗತ್ತೆ, ಕೊಡೆ ಕಳೆದ್ರೆ ಸಿಗಲ್ಲ" ಎನ್ನುತ್ತಿದ್ದರು ಮೇಡಂ. — ನೋಡಿ, ಯಜಮಾನರು ನಗುತ್ತಿದ್ದಾರೆ. ನನಗೆ ಸ್ವಲ್ಪ ಧೈರ್ಯ ಬಂತು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಹೃದಯ ಸೋತು ಮೇಡಂ ಆಸ್ಪತ್ರೆ ಸೇರಿದ್ದರು. ಓದಬೇಡಿ, ಮಾತಾಡಬೇಡಿ, ಮಲಗಿರಿ ಎಂದಿದ್ದರು ಡಾಕ್ಟರು. ಮೇಡಂ ಮಲಗಿದ್ದರು — ಹೊಟ್ಟೆಯ ಮೇಲೆ ಲ್ಯಾಪ್‌ಟಾಪು. ನಮ್ಮ ಫೋನ್ ಕರೆಗಳ ವಿವರ ನೋಡುತ್ತಾ ಇದ್ದವರು ಇದ್ದಕ್ಕಿದ್ದಂತೆ, "ಅವನನ್ನ ಕರಿ" ಎಂದರು.

ಅವನು ಎಂದರೆ ನಮ್ಮ ಡೇಟಾ ಅಣ್ಣ. ಅಗೋ, ಕಂಬದ ಪಕ್ಕ ಕೂತಿದ್ದಾರೆ. ಅಣ್ಣಾ, ತಲೆ ಯಾಕೆ ತಗ್ಗಿಸುತ್ತೀರಿ? ‘ಇದನ್ನ ಹೇಳು’ ಎಂದು ನೀವೇ ಅಂದಿದ್ದಿರಲ್ಲ. ಅಣ್ಣ ಬಂದರು. ಮೇಡಂ ಕೇಳಿದರು —

"ಏನಪ್ಪಾ, ನಮ್ಮ ಹೆಂಗಸರು ಇಷ್ಟೊಂದು ಟೂರ್ ಹೋಗ್ತಾರಾ? ಇವಳೂ ಊರಲ್ಲಿಲ್ಲ, ಅವಳೂ ಊರಲ್ಲಿಲ್ಲ. ನನ್ನ ಗಂಡ ಮದುವೆ ಆದಾಗಿಂದ ನನ್ನನ್ನ ಪಕ್ಕದ ಊರಿಗೂ ಕರ್ಕೊಂಡು ಹೋಗಿಲ್ಲ. ಇವರಿಗೆಲ್ಲ ಎಂಥಾ ಗಂಡಂದಿರು ಸಿಕ್ಕಿದಾರಪ್ಪ!"

"ಅವರೇ ಹೇಳಿದ್ದು ಮೇಡಂ. ನಾನು ಕೇಳಿಸಿಕೊಂಡು ಟೈಪ್ ಮಾಡಿದೀನಿ."

"ಏನಂತ ಹೇಳಿದ್ರು? ಅವರ ಬಾಯಲ್ಲಿ ಬಂದಿದ್ದೇ ಹೇಳು."

ಅಣ್ಣ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಹುಡುಕಿ ಕೊಟ್ಟರು. ಮೇಡಂ ಕಿವಿಗಿಟ್ಟುಕೊಂಡು ಕೇಳಿದರು. ಇನ್ನೊಂದ್ಸಲ ಕೇಳಿದರು. ಆಮೇಲೆ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದರು. ಒಬ್ಬ ಹೆಂಗಸಿನ ದನಿ, ಹಿಂದೆ ಹೊಲಿಗೆ ಮಿಷನ್ನಿನ ಕಟಕಟ. "ಈಗ ಬರೋಕಾಗಲ್ಲಪ್ಪ, ಹೊರಗಾಗಿದೀನಿ. ಮುಗೀಲಿ, ನಾನೇ ಫೋನ್ ಮಾಡ್ತೀನಿ."

ನನಗೂ ಏನೂ ಅನಿಸಲಿಲ್ಲ. ಹೊರಗೆ ಹೋಗಿದ್ದಾರೆ, ಬಂದ ಮೇಲೆ ಮಾಡುತ್ತಾರೆ. ಸರಿಯಾಗಿಯೇ ಇದೆಯಲ್ಲ?

ಇಲ್ಲಿ ಕೂತಿರುವ ಅಮ್ಮಂದಿರು ಆಗಲೇ ನಗುತ್ತಿದ್ದಾರೆ. ನಿಮಗೆ ಅರ್ಥವಾಯಿತು. ನಮಗಾಗಿರಲಿಲ್ಲ.

"ನಿಂಗೆ ಅಕ್ಕತಂಗಿ ಇಲ್ವೇನೋ?" ಎಂದರು ಮೇಡಂ ಅಣ್ಣನಿಗೆ.

"ಇಲ್ಲ ಮೇಡಂ. ನಾವು ಬರೀ ಗಂಡುಮಕ್ಕಳು."

"ನೀನು? ನೀನು ಹೆಣ್ಣಲ್ವೇನೇ?"

"ಹಾಸ್ಟೆಲಲ್ಲಿ ನಾವು ‘ಡೇಟ್ ಬಂತು’ ಅಂತಿದ್ವಿ ಮೇಡಂ..." ಎಂದೆ. ಅಷ್ಟರಲ್ಲಿ ನನಗೆ ಹೊಳೆಯಿತು. ಹೊರಗಾಗಿದೀನಿ ಎಂದರೆ ಮುಟ್ಟಾಗಿದ್ದೇನೆ ಎಂದು. ಆಕೆಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿದೆ. ಯಾವ ಮಾತನ್ನು ಕೇಳಿಸಿಕೊಳ್ಳಬೇಕೆಂದು ಇಷ್ಟು ದೊಡ್ಡ ಸಂಶೋಧನೆ ನಡೆಯುತ್ತಿತ್ತೋ ಆ ಮಾತನ್ನು ಆಕೆ ತಾನಾಗಿಯೇ ಹೇಳಿದ್ದಾರೆ — ನಾವು ಅವರನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ಟಿದ್ದೇವೆ!

"ಒಬ್ಬ ಬ್ರಹ್ಮಚಾರಿ, ಒಬ್ಬಳು ಇಂಗ್ಲಿಷ್ ದೊರೆಸಾನಿ. ಚೆನ್ನಾಗಿದೆ ನನ್ನ ಸೈನ್ಯ" ಎಂದರು ಮೇಡಂ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಫೋನ್ ಹಚ್ಚು" ಎಂದರು.

ಆಕೆ — ಟೈಲರಮ್ಮ ಎನ್ನೋಣ — ‘ನನ್ನ ಕಥೆ ಹೇಳು, ಹೆಸರು ಮಾತ್ರ ಬೇಡ’ ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಇವತ್ತು ಈ ಸಭೆಯಲ್ಲೇ ಇದ್ದಾರೆ. ಎಲ್ಲಿ ಎಂದು ಹೇಳುವುದಿಲ್ಲ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ — ಮೊದಲ ಸಾಲಿನ ಸರ್, ನೋಡಬೇಡಿ ಎಂದೆ!

ಮೇಡಂ ಉಸಿರು ಎಳೆದುಕೊಳ್ಳುತ್ತಲೇ ಮಾತಾಡಿದರು. "ಅಮ್ಮಾ, ಹೊರಗಾಗಿದೀನಿ ಅಂದಿದ್ರಂತೆ?"

"ಅಯ್ಯೋ, ಅದನ್ನೆಲ್ಲ ಫೋನಲ್ಲಿ ಕೇಳ್ತಾರಾ!"

"ನಾನು ಕೇಳ್ತೀನಿ. ನಿಂತು ಎಷ್ಟು ವರ್ಷ ಆಗಿತ್ತು?"

"ಸೊಸೆ ಮನೆಗೆ ಬರೋಕ್ಕೂ ಮುಂಚೆನೇ ನಿಂತಿತ್ತು ಡಾಕ್ಟ್ರೇ. ಈಗ ಮೊಮ್ಮಗಳು ಸ್ಕೂಲಿಗೆ ಹೋಗ್ತಾಳೆ. ‘ಏನತ್ತೆ, ಮತ್ತೆ ಹರೆಯ ಬಂತಾ’ ಅಂತ ಸೊಸೆ ಗೇಲಿ ಮಾಡ್ತಾಳೆ. ನಂಗೂ ಒಳಗೊಳಗೇ ಖುಷಿನೇ ಅನ್ನಿ."

"ಸೊಸೆ ಕೈಗೆ ಫೋನ್ ಕೊಡಿ."

ಸೊಸೆಗೆ ಮೇಡಂ ಹೇಳಿದ್ದು ಎರಡೇ ಮಾತು. ಗೇಲಿ ಸಾಕು, ಅತ್ತೇನ ಕರ್ಕೊಂಡು ಬಾ. ಮಾರನೆಯ ಬೆಳಿಗ್ಗೆ ನಾನು ಲ್ಯಾಬಿನ ಬಾಗಿಲು ತೆಗೆಯುವಾಗ ಅತ್ತೆ ಸೊಸೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಸೊಸೆಯ ಕಣ್ಣು ಕೆಂಪಗಿತ್ತು. ಅತ್ತೆ ಅವಳನ್ನು ಸಮಾಧಾನ ಮಾಡುತ್ತಿದ್ದರು.

ಹತ್ತಿಯ ಕಡ್ಡಿಯಲ್ಲೇ ಗುರುತು ಸಿಕ್ಕಿತು. ಚೂರು ತೆಗೆದು ನೋಡಿದಾಗ ಖಾತ್ರಿಯಾಯಿತು. ಕ್ಯಾನ್ಸರ್. ಆ ದಿನ ಟೈಲರಮ್ಮ ಮೇಡಂ ಮಂಚದ ಪಕ್ಕ ನಿಂತು ಹೇಳಿದ್ದನ್ನು ನಾನು ಮರೆಯಲಾರೆ.

"ಗರ್ಭಕೋಶ ತಗೊಳ್ಳಿ ಡಾಕ್ಟ್ರೇ, ಅದರ ಕೆಲಸ ಮುಗೀತು. ಕಾಲು ಮಾತ್ರ ನಂಗೆ ಬಿಟ್ಬಿಡಿ. ನಮ್ಮಕ್ಕಂಗೆ ಇದೇ ಆಪರೇಷನ್ ಆಗಿ ಎರಡೂ ಕಾಲು ಊದಿ ಕಂಬ ಆಗಿದೆ. ಕಾಲು ಹೋದ್ರೆ ನನ್ನ ಮಿಷನ್ನೂ ಹೋಯ್ತು."

ಮೇಡಂ ಅವರ ಎರಡನೆಯ ಪ್ರಶ್ನೆ ಇದೇ ಆಗಿತ್ತು. ರೋಗ ಹರಡಿದೆಯೋ ಎಂದು ನೋಡಲು ಹಿಂದೆಲ್ಲ ಕಿಬ್ಬೊಟ್ಟೆಯ ಸಣ್ಣ ಗ್ರಂಥಿಗಳನ್ನು ಸಾಲಾಗಿ ಕಿತ್ತು ತೆಗೆಯುತ್ತಿದ್ದರು. ಮೈನೀರು ಇಳಿದು ಹೋಗಲು ದಾರಿಯಿಲ್ಲದೆ ಕೆಲವರ ಕಾಲು ಊದಿಕೊಳ್ಳುತ್ತಿತ್ತು. ಈಗ ಒಂದು ಬಣ್ಣ ಹಾಕಿ, ಆ ಬಣ್ಣ ಮೊದಲು ಯಾವ ಗ್ರಂಥಿಗೆ ಹೋಗುತ್ತದೆ ಎಂದು ನೋಡಿ, ಅದನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ಅದು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ನಮ್ಮ ಕಡೆ ಅದನ್ನು ಕಲಿತು, ನಮ್ಮ ಸರ್ಜನ್ ಸರ್ ಜೊತೆ ವರ್ಷಗಟ್ಟಲೆ ಜಗಳವಾಡಿ ರೂಢಿಗೆ ತಂದವರು ಮೇಡಂ. ಸರ್ ಒಪ್ಪುತ್ತಾರೆ, ಹೌದಲ್ಲ ಸರ್?

"ಕಾಲು ಉಳಿಸೋಕೆ ನೋಡ್ತೀವಿ" ಎಂದರು ಮೇಡಂ. ಉಳಿಸುತ್ತೇವೆ ಎನ್ನಲಿಲ್ಲ. ಅವರು ಯಾರಿಗೂ ಸುಳ್ಳು ಭರವಸೆ ಕೊಟ್ಟವರಲ್ಲ.

ಆಪರೇಷನ್ ಆಯಿತು. ರಿಪೋರ್ಟಿಗೆ ಕಾಯುವ ದಿನಗಳಲ್ಲಿ ಮೇಡಂ ಕುಸಿಯುತ್ತಾ ಬಂದರು. ನನಗೆ ಒಂದೇ ಭಯ — ರಿಪೋರ್ಟು ಬರುವ ಹೊತ್ತಿಗೆ ಮೇಡಂ ಇರುತ್ತಾರೋ ಇಲ್ಲವೋ. ಬಂದ ದಿನ ಲಿಫ್ಟಿಗೂ ಕಾಯದೆ ಓಡಿದೆ. ಏದುಸಿರಿನಲ್ಲೇ ಓದಿದೆ. ರೋಗ ಗರ್ಭಕೋಶ ದಾಟಿಲ್ಲ. ಗ್ರಂಥಿ ಶುದ್ಧ. ಮುಂದೆ ಕೀಮೋ ಔಷಧಿ, ಕರೆಂಟು ಎನ್ನುವ ರೇಡಿಯೇಷನ್ ಯಾವುದೂ ಬೇಡ, ಬಂದು ತೋರಿಸಿಕೊಂಡು ಹೋಗುತ್ತಿದ್ದರೆ ಸಾಕು.

"ಇನ್ನೊಂದ್ಸಲ ಓದು" ಎಂದರು. ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು, ಹಾಡು ಕೇಳುವವರ ಹಾಗೆ. ಅಕ್ಕ ಅಳುತ್ತಿದ್ದರು. ಯಜಮಾನರು ಮೇಡಂ ಪಾದಗಳ ಮೇಲೆ ಹೊದಿಕೆ ಸರಿಮಾಡುತ್ತಿದ್ದರು. ಆಮೇಲೆ ಮೇಡಂ ಕಣ್ಣು ತೆರೆದು, "ಉಳಿದವರು?" ಎಂದರು.

ಎರಡು ದಿನಕ್ಕೆ ಹೋಗಿಬಿಟ್ಟರು.

ಶೋಕಸಭೆಯಲ್ಲಿ ಹೀಗೆ ಹೇಳಬಹುದೋ ಬಾರದೋ ನನಗೆ ತಿಳಿಯದು. ಆದರೂ ಹೇಳುತ್ತೇನೆ, ನನಗೆ ನಿರಾಳವಾಗಿದೆ. ಮೇಡಂ ಕೇಳಿಸಿಕೊಂಡು ಹೋದರು. ಟೈಲರಮ್ಮ ಕೆಲಸಕ್ಕೆ ಕೂತಿದ್ದಾರೆ, ಕಾಲು ಊದಿಲ್ಲ. "ಬಾ, ಅಳತೆ ಕೊಡು, ಈ ಡ್ರೆಸ್ಸು ನಿಂಗೆ ಚೀಲದ ಹಾಗಿದೆ" ಎಂದು ಇವತ್ತು ಬಾಗಿಲಲ್ಲೇ ನನ್ನನ್ನು ಬೈದರು.

ಉಳಿದವರು ಎಂದರಲ್ಲ — ನಾನೂ ಅಣ್ಣನೂ ‘ಊರಲ್ಲಿಲ್ಲ’ ಎಂದಿದ್ದ ಎಲ್ಲ ಕರೆಗಳನ್ನೂ ಮತ್ತೆ ಕೇಳಿದೆವು. ಅನೇಕರು ನಿಜವಾಗಿಯೂ ಊರಿಗೆ ಹೋಗಿದ್ದವರೇ. ಕೆಲವರು ಹಾಗಲ್ಲ. ಅವರಲ್ಲಿ ಹೆಚ್ಚಿನವರು ಬಂದು ನೋಡಿಸಿಕೊಂಡರು, ಅವರಲ್ಲಿ ಯಾರಿಗೂ ಏನೂ ಇಲ್ಲ. ಇನ್ನೂ ಮೂರು ಜನ ಫೋನ್ ಎತ್ತುತ್ತಿಲ್ಲ. ನಂಬರ್ ಬದಲಾಗಿದೆಯೋ, ಸಂಕೋಚವೋ ಗೊತ್ತಿಲ್ಲ. ಅವರ ವಿಳಾಸ ನಮ್ಮಲ್ಲಿದೆ. ಆದರೆ ಸಂಶೋಧನೆಗೆ ಸಿಕ್ಕಿರುವ ಅನುಮತಿ ಫೋನ್ ಮಾಡುವುದಕ್ಕೆ ಮಾತ್ರ, ಮನೆಗೆ ಹೋಗುವ ಹಾಗಿಲ್ಲ. ನಿಯಮ ಸರಿಯಾಗಿಯೇ ಇದೆ, ಗುಟ್ಟು ಕಾಪಾಡಲು ಮಾಡಿದ್ದು. ಫೋನಿಗೆ ಸಿಗದವರ ಮನೆಗೆ ಒಬ್ಬ ನರ್ಸಕ್ಕನನ್ನು ಕಳಿಸಲು ಒಪ್ಪಿಗೆ ಕೊಡಿ ಎಂದು ಮೇಡಂ ಆ ಕೊನೆಯ ಎರಡು ದಿನಗಳಲ್ಲಿ ಸಹಿ ಹಾಕಿದ ಅರ್ಜಿ ಅನುಮತಿ ಸಮಿತಿಯ ಮುಂದಿದೆ. ಸಮಿತಿಯ ಅಧ್ಯಕ್ಷರು ಇಲ್ಲಿಗೆ ಬಂದಿದ್ದಾರೆ. ಸರ್, ಸಮಿತಿ ಸೇರುವುದು ಮುಂದಿನ ತಿಂಗಳು ಎಂದು ಆಫೀಸಿನಲ್ಲಿ ಹೇಳಿದರು. ಆ ಮೂವರಿಗೆ ಏನೂ ಇಲ್ಲದಿರಬಹುದು. ಇದ್ದರೆ, ಈಗ ಹಿಡಿದರೆ ಟೈಲರಮ್ಮನ ಹಾಗೆ ಎದ್ದು ಓಡಾಡುತ್ತಾರೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ನಿಲ್ಲಲು ಕಷ್ಟವಿರುವ ತಾಯಂದಿರು ಕೂತೇ ಇರಿ, ಮೇಡಂ ಇದ್ದಿದ್ದರೆ ಹಾಗೇ ಹೇಳುತ್ತಿದ್ದರು. ಅವರನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನಿರೋಣ.

ಕೂತ ಮೇಲೆ, ಅಧ್ಯಕ್ಷರೇ — ಕೈ ಮುಗಿದು ಕೇಳುತ್ತೇನೆ — ಆ ಅರ್ಜಿಗೆ ಬೇಗ ಉತ್ತರ ಕೊಡಿ.